ಒಂದು ಹಲ್ಲು ಆಚೆ

ಐವತ್ತೈದರವರೆಗೆ ಏನೂ ಇಲ್ಲ.
ಐವತ್ತೆಂಟಕ್ಕೆ ಸೀಟಿನ ಕೆಳಗೆ ಯಾರೋ
ನಿದ್ದೆಗಣ್ಣಲ್ಲಿ ಹಲ್ಲು ಕಡಿಯತೊಡಗುತ್ತಾರೆ.
ಅರವತ್ತೆರಡಕ್ಕೆ ಬಾಟಲಿಯ ನೀರೆಲ್ಲ ಉಂಗುರ,
ಕನ್ನಡಿಯಲ್ಲಿ ಹಿಂದಿನ ಲಾರಿ ಎರಡು, ಮೂರು.
ಎಪ್ಪತ್ತು ದಾಟಿಸಿಬಿಟ್ಟರೆ
ತಾನಲ್ಲವೇ ಅಲ್ಲ ಎಂಬಂತೆ ಗಪ್‌ಚುಪ್.

ಹೇರಿದ್ದು ಮಂಡಕ್ಕಿ. ನಲವತ್ತು ಚೀಲ.
ನೋಡಿದರೆ ಗುಡ್ಡ, ತೂಗಿದರೆ ಗಾಳಿ.
ಭಾರದ ಮೇಲೆ ತಪ್ಪು ಹೊರಿಸುವ ಹಾಗೂ ಇಲ್ಲ.

ಟೈರಿನಂಗಡಿಯವನು ಬ್ಯಾಲೆನ್ಸ್ ಹೋಗೈತಿ ಅಂದ,
ನಾಲ್ಕೂ ರಿಮ್ಮಿಗೆ ಸೀಸ ಬಡಿದ.
ಭಟ್ಟಿಯ ಹಾಲಮ್ಮ ಬೂದಿಗೈ ಕೊಡವುತ್ತ
ರಸ್ತೀನೇ ಹಂಗೈತಿ, ಬಿಡು ಅಂದಳು.
ಷಡ್ಡಕ, ಸೈಕಲ್ಲೂ ಇಲ್ಲದವನು,
ಎಂಜಿನ್ ಇಳಿಸಿಬಿಡು ಅಂದ.
ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹೋದವು.
ನಡುಕ ಕೂತಲ್ಲೇ ಕೂತಿತ್ತು.

ಹಳೇ ಹರಿಹರ ರಸ್ತೆಯ ಬುಡೇನ್ ಸಾಬರಿಗೆ
ಲೇತಿನ ಪಕ್ಕ ಮೂವತ್ತು ವರ್ಷ ನಿಂತು
ಕಿವಿ ಹೋಗಿದೆ.
ಕೇಳುವಾಗ ನಮ್ಮ ಬಾಯನ್ನೇ ನೋಡುತ್ತಾರೆ.

ನಡುಕ ಸ್ಟೇರಿಂಗಿಗೋ, ಸೀಟಿಗೋ?
ಸೀಟಿಗೆ.
ಕ್ಲಚ್ ತುಳಿದ್ರೆ ನಿಲ್ತತೇನು?
ಇಲ್ಲ.
ನ್ಯೂಟ್ರಲ್ ಹಾಕಿ ಬಿಟ್ರೆ?
ಆಗಲೂ ಬರ್ತತಿ.
ಹಂಗಾರೆ ಎಂಜಿನ್ ಮೇಲೆ ಸಿಟ್ಟಾಗಬ್ಯಾಡ.
ತಳದಾಗ ಯಾರರ ಏನರ ಬಿಚ್ಚಿದ್ರೇನು?
ಇಲ್ಲ ಸಾಬ್ರೇ.
ನನ್ನ ತುಟಿ ಮುಚ್ಚಿದ ಮೇಲೂ
ಅವರು ಅಲ್ಲೇ ನೋಡುತ್ತಿದ್ದರು.

ಬಾಡ ಕ್ರಾಸಿನವರೆಗೆ ಓಡಿಸಿದೆವು.
ಸ್ಕ್ರೂಡ್ರೈವರಿನ ತುದಿ ನೆಲದ ತಗಡಿಗೆ,
ಹಿಡಿ ತಮ್ಮ ದವಡೆಗೆ,
ಕಣ್ಣು ಮುಚ್ಚಿ
ಊಟದಲ್ಲಿ ಕಲ್ಲು ಹುಡುಕುವವರ ಹಾಗೆ.

ಬಂದು, ಹಿಂದಿನ ಗಾಲಿಗಳನ್ನು ಎತ್ತಿ ನಿಲ್ಲಿಸಿ
ಮೊಮ್ಮಗಳು ಶಮೀಮಳ ಕಂಪಾಸಿನಿಂದ
ಸೀಮೆಸುಣ್ಣ ಇಸಿದುಕೊಂಡರು.
ಮಲಗಿ ಒಳಗೆ ಸರಿದರು.
ತಿರುಗುವ ಶಾಫ್ಟಿಗೆ
ಮುಟ್ಟಿಯೂ ಮುಟ್ಟದ ಹಾಗೆ ಹಿಡಿದರು.
ಬೆಂಡಾಗಿದ್ದರೆ ಒಂದೇ ಮಗ್ಗುಲಿಗೆ ತಾಕಬೇಕು.
ಗೆರೆ ಬಿತ್ತು ಸುತ್ತಲೂ, ಬಳೆಯಂತೆ.
ನೆಟ್ಟಗೈತಿ ಪಾಪ, ಅಂದರು. ಪಾಪ ಅಂದದ್ದು ಶಾಫ್ಟಿಗೆ.

ಎಂಜಿನ್ ಆರಿಸಿ, ಸೀಮೆಎಣ್ಣೆ ಬಟ್ಟೆಯಲ್ಲಿ
ಜಾಯಿಂಟಿನ ಗ್ರೀಸು ಒರೆಸಿದರು.
ಕಪ್ಪಿನ ನಡುವೆ ಹೊಳೆಯಿತು
ಹೊಚ್ಚ ಹೊಸ ಸರ್ಕ್ಲಿಪ್ಪು.

ಹದಿನೈದು ದಿನದ ಕೆಳಗೆ, ಭರಮಸಾಗರದಾಚೆ,
ರಾತ್ರಿ ಒಂದೂವರೆ, ಬಾಯಲ್ಲಿ ಫೋನಿನ ಬೆಳಕು.
ಕ್ರಾಸ್ ನಾನೇ ಬದಲಿಸಿದ್ದೆ.
ಶಾಫ್ಟು ಜಾರಿ ಎರಡಾಗಿ ಕೈಗೆ ಬಂದಿತ್ತು,
ಸಿಕ್ಕ ಹಾಗೆ ತೂರಿಸಿದ್ದೆ.
ಎಂಟುನೂರು ಉಳಿಸಿದೆ ಅಂತ
ಹೆಂಡತಿಯ ಮುಂದೆ ಎರಡು ಸಲ ಹೇಳಿದ್ದೆ.

ಸಾಬರು ನನ್ನ ಕಡೆ ನೋಡಲಿಲ್ಲ.
ಬಾ ಇಲ್ಲಿ ಅಂದರು, ಪಕ್ಕದಲ್ಲಿ ಮಲಗಿದೆ.
ಆ ತುಂಡಿನ ಮೇಲೊಂದು ಬಾಣ, ಈ ತುಂಡಿನ ಮೇಲೊಂದು,
ಕಂಪನಿ ಕೊರೆದು ಕಳಿಸಿದ್ದು.
ಮುಖಾಮುಖಿ ಇರಬೇಕಾದವು
ಒಂದು ಹಲ್ಲು ಆಚೆ ಈಚೆ,
ಮಾತು ಬಿಟ್ಟ ಅಣ್ಣತಮ್ಮರು ಒಂದೇ ಪಂಕ್ತಿಯಲ್ಲಿ
ಉಣ್ಣಲು ಕೂತ ಹಾಗೆ.

ಎಳೆದರು. ಒಂದು ಹಲ್ಲು ತಿರುಗಿಸಿದರು. ತಳ್ಳಿದರು.
ನಾಲ್ಕು ಬೋಲ್ಟು.

ಬಿಚ್ಚೋದು ತಪ್ಪಲ್ಲ, ಅಂದರು ಕೈ ಒರೆಸುತ್ತ.
ಬಿಚ್ಚೋಕಿನ ಮುಂಚೆ ಒಂದು ಗೆರೆ ಎಳ್ಕಬೇಕು.
ಉಳಿದ ಸೀಮೆಸುಣ್ಣ ನನ್ನ ಜೇಬಿಗೆ ಹಾಕಿದರು.
ಶಮೀಮ ದುರುಗುಟ್ಟಿ ನೋಡಿದಳು.

ಆನಗೋಡು ದಾಟಿ ಅರವತ್ತೆರಡು.
ಬಾಟಲಿಯಲ್ಲಿ ನೀರು ಮಲಗಿತ್ತು.
ನನ್ನ ಬೆನ್ನು ಮಾತ್ರ ಬಿಗಿದುಕೊಂಡೇ ಕಾಯಿತು,
ಬರಲಿಲ್ಲ, ಬರಲಿಲ್ಲ,
ಟೋಲಿನವನು ಹಾರ್ನ್ ಕೇಳಿಸಲ್ವ ಎನ್ನುವವರೆಗೆ.

ರಾತ್ರಿ ಒಗೆಯಲು ಅಂಗಿ ತಿರುವಿದ ಹೆಂಡತಿ
ಜೇಬಿನ ಬಿಳಿ ಹುಡಿ ಬೆರಳಲ್ಲಿ ಉಜ್ಜಿ ಕೇಳಿದಳು:
ಯಾವ ಸಾಲಿಗೆ ಹೋಗಿದ್ದಿ?